ಓಟದ ದಿನದ ಕಾರು: ಅದರ ಬ್ರೇಕೂ ಡಿಫರೆನ್ಷಿಯಲ್ಲೂ

ಮೋಟಾರು ಕಾರನ್ನು ಕಂಡೊಡನೆ ಬಾಲಕರು ಕೇಳುವ ಮೊದಲನೆಯ ಪ್ರಶ್ನೆ, "ಇದು ಎಷ್ಟು ವೇಗವಾಗಿ ಓಡಬಲ್ಲುದು?" ಎಂಬುದು. "ಇದನ್ನು ಎಷ್ಟು ಸಲ ನಂಬಿ ನಿಲ್ಲಿಸಬಹುದು?" ಎಂದು ಕೇಳುವವರು ವಿರಳ. "ತಿರುವಿನಲ್ಲಿ ಇದರ ಎರಡು ಚಕ್ರಗಳು ಬಲವನ್ನು ಹೇಗೆ ಹಂಚಿಕೊಳ್ಳುತ್ತವೆ?" ಎಂದು ಕೇಳುವವರಂತೂ ಇಲ್ಲವೆಂದೇ ಹೇಳಬಹುದು. ಆದರೆ ವೇಗದ ಓಟದಲ್ಲಿ ಪಳಗಿದವರು ಕೊನೆಯ ಎರಡು ಪ್ರಶ್ನೆಗಳನ್ನೇ ಮೊದಲು ಕೇಳುತ್ತಾರೆ. ಈ ಕ್ರಮವು ಏಕೆ ಸರಿಯಾದುದೆಂಬುದನ್ನು, ವಿದ್ಯಾರ್ಥಿಗಳು ವಿಜ್ಞಾನದ ತರಗತಿಯಲ್ಲಿ ಕಲಿಯುವ ಚಲನಶಕ್ತಿ, ಘರ್ಷಣೆ, ಶಾಖ ಮೊದಲಾದ ತತ್ತ್ವಗಳ ನೆರವಿನಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

ಓಟದ ದಿನವೆಂದರೇನು?

ಇಂಗ್ಲೆಂಡ್, ಜರ್ಮನಿ, ಜಪಾನ್, ಅಮೆರಿಕ ಮೊದಲಾದ ದೇಶಗಳಲ್ಲಿ 'ಟ್ರ್ಯಾಕ್ ಡೇ' ಎಂಬ ಒಂದು ರೂಢಿಯುಂಟು. ಅದನ್ನು ನಾವು 'ಓಟದ ದಿನ' ಎಂದು ಕರೆಯೋಣ. ಪಂದ್ಯಗಳಿಗಾಗಿ ಕಟ್ಟಿದ ಹಾದಿಯನ್ನು ಆ ದಿನ ಸಾಮಾನ್ಯರಿಗೆ ತೆರೆದಿಡುತ್ತಾರೆ. ನಿತ್ಯ ಕಚೇರಿಗೆ ಹೋಗಿಬರುವ ಕಾರನ್ನೇ ತಂದು, ಶುಲ್ಕ ತೆತ್ತು, ಎದುರಿನಿಂದ ಯಾವ ವಾಹನವೂ ಬಾರದ ಆ ಹಾದಿಯಲ್ಲಿ ಸುತ್ತು ಹಾಕಬಹುದು. ಇದು ಪಂದ್ಯವಲ್ಲ, ಇಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ವಾಹನವನ್ನು ಅದರ ಶಕ್ತಿಯ ಎಲ್ಲೆಯವರೆಗೆ ನಡೆಸಿ, ಆ ಎಲ್ಲೆಯಲ್ಲಿ ಅದು ಹೇಗೆ ವರ್ತಿಸುತ್ತದೆಂಬುದನ್ನು ಅರಿಯುವುದೇ ಇದರ ಸಂತೋಷ.

ಜರ್ಮನಿಯ ಐಫೆಲ್ ಗುಡ್ಡಗಾಡಿನಲ್ಲಿ ೧೯೨೭ರಲ್ಲಿ ತೆರೆದ ನ್ಯೂರ್ಬುರ್ಗ್‌ರಿಂಗ್ ಎಂಬ ಹಾದಿಯು ಇಂತಹವುಗಳಲ್ಲಿ ಬಹಳ ಪ್ರಸಿದ್ಧವಾದುದು. ಅದರ ಉತ್ತರ ಸುತ್ತಿನ ಉದ್ದ ೨೦.೮ ಕಿಲೋಮೀಟರು, ತಿರುವುಗಳು ೭೦ಕ್ಕೂ ಮಿಕ್ಕಿವೆ. ನಮ್ಮ ದೇಶದಲ್ಲಿಯೂ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ೧೯೯೦ರಿಂದ ಒಂದು ಪಂದ್ಯದ ಹಾದಿ ಇದೆ. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳೆಯದಲ್ಲಿ ಇನ್ನೊಂದಿದೆ. ದೆಹಲಿಯ ನೆರೆಯ ಗ್ರೇಟರ್ ನೋಯ್ಡಾದಲ್ಲಿ ಬುದ್ಧ್ ಹಾದಿಯು ೨೦೧೧ರಲ್ಲಿ ತೆರೆಯಿತು.

ಊರಿನ ರಸ್ತೆಗೂ ಈ ಹಾದಿಗೂ ಇರುವ ದೊಡ್ಡ ಅಂತರವು ವೇಗದ್ದು ಮಾತ್ರವಲ್ಲ, ಪುನರಾವೃತ್ತಿಯದು. ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಅದುಮುವ ಪ್ರಸಂಗವು ದಿನಕ್ಕೊಮ್ಮೆ ಬಂದರೆ ಹೆಚ್ಚು. ಪಂದ್ಯದ ಹಾದಿಯಲ್ಲಿ ಅದು ನಿಮಿಷಕ್ಕೆ ಎರಡು ಮೂರು ಬಾರಿ ಬರುತ್ತದೆ. ಕಾರ್ಖಾನೆಯವರು ಕಾರನ್ನು ಮೊದಲನೆಯ ಬಗೆಯ ಬಾಳಿಗಾಗಿ ನಿರ್ಮಿಸಿರುತ್ತಾರೆ. ಆದಕಾರಣ ಓಟದ ದಿನಕ್ಕೆ ಹೋಗುವವರು ಅದರ ಕೆಲವು ಭಾಗಗಳನ್ನು ಬದಲಾಯಿಸಬೇಕಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಭಾಗಗಳು ನೂರಾರು. ಅವುಗಳಲ್ಲಿ ಯಾವುದು ಮೊದಲು ಬೇಕು, ಯಾವುದು ಆಮೇಲೆ, ಯಾವುದು ಬರಿಯ ಅಲಂಕಾರ ಎಂಬುದನ್ನು ಆರಿಸುವಾಗ ಅಂದಚಂದಕ್ಕಿಂತ ಲೆಕ್ಕಾಚಾರವು ಹೆಚ್ಚು ನೆರವಾಗುತ್ತದೆ.

ಒಂದು ಸಲ ಬ್ರೇಕು ಹಾಕಿದರೆ ಹುಟ್ಟುವ ಶಾಖ

ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎನ್ನುತ್ತೇವೆ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಅದು ಕಾರಿನ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಶಕ್ತಿಯು ನಾಶವಾಗುವುದಿಲ್ಲವಷ್ಟೆ.

ಚಾಲಕನೂ ಸೇರಿ ೧೦೦೦ ಕಿಲೋಗ್ರಾಂ ತೂಗುವ ಒಂದು ಸಣ್ಣ ಕಾರು ಗಂಟೆಗೆ ೧೪೪ ಕಿಲೋಮೀಟರು, ಎಂದರೆ ಸೆಕೆಂಡಿಗೆ ೪೦ ಮೀಟರು ವೇಗದಿಂದ ಬರುತ್ತಿದೆ ಎಂದಿಟ್ಟುಕೊಳ್ಳೋಣ. ಮುಂದಿನ ತಿರುವಿಗಾಗಿ ಅದರ ವೇಗವನ್ನು ಅರ್ಧಕ್ಕೆ, ಎಂದರೆ ಸೆಕೆಂಡಿಗೆ ೨೦ ಮೀಟರಿಗೆ ಇಳಿಸಬೇಕು. ತೂಕವನ್ನು ವೇಗದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಚಲನಶಕ್ತಿ ದೊರೆಯುತ್ತದೆ. ಮೊದಲಿದ್ದುದು ೮,೦೦,೦೦೦ ಜೂಲ್. ಆಮೇಲೆ ಉಳಿದುದು ೨,೦೦,೦೦೦ ಜೂಲ್. ವೇಗವು ಅರ್ಧವಾದಾಗ ಶಕ್ತಿಯು ಕಾಲುಭಾಗಕ್ಕೆ ಇಳಿದುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಿಕ್ಕ ೬,೦೦,೦೦೦ ಜೂಲ್ ಎಲ್ಲಿಗೆ ಹೋಯಿತು? ಬಹುಮಟ್ಟಿಗೆ ಎಲ್ಲವೂ ಬ್ರೇಕಿನಲ್ಲಿ ಶಾಖವಾಯಿತು. ಕೊಠಡಿಯ ಉಷ್ಣತೆಯಲ್ಲಿರುವ ಎರಡು ಲೀಟರು ನೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟೇ ಶಾಖ ಸಾಕು. ಅಡಿಗೆಮನೆಯ ಒಲೆಯು ಇದಕ್ಕೆ ಹಲವು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಬ್ರೇಕು ಎರಡು ಮೂರು ಸೆಕೆಂಡುಗಳಲ್ಲಿ ಮಾಡಿ ಮುಗಿಸುತ್ತದೆ.

ಬ್ರೇಕು ಹಾಕಿದಾಗ ಕಾರಿನ ಭಾರವು ಮುಂದಕ್ಕೆ ಬಾಗುವುದರಿಂದ ಕೆಲಸದ ಹೆಚ್ಚಿನ ಪಾಲು, ಸುಮಾರು ನೂರಕ್ಕೆ ಎಪ್ಪತ್ತರಷ್ಟು, ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಹಾಗಾದರೆ ಮುಂದಿನ ಒಂದೊಂದು ಬ್ರೇಕು ಡಿಸ್ಕಿಗೂ ಬಂದ ಶಾಖ ೨,೧೦,೦೦೦ ಜೂಲ್. ಡಿಸ್ಕು ಬೀಡುಕಬ್ಬಿಣದ ಒಂದು ಬಿಲ್ಲೆ. ಅದರ ತೂಕ ನಾಲ್ಕೂವರೆ ಕಿಲೋಗ್ರಾಂ ಇದ್ದರೆ, ಈ ಒಂದೇ ಬಾರಿಯ ತಡೆಯಿಂದ ಅದರ ಉಷ್ಣತೆಯು ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ಅದು ಪೂರ್ತಿ ತಣಿಯುವುದಕ್ಕೆ ಮುಂಚೆಯೇ ಇನ್ನೊಂದು ತಿರುವು ಬರುತ್ತದೆ. ಹೀಗೆ ಸುತ್ತಿನ ಮೇಲೆ ಸುತ್ತು ಹಾಕಿದರೆ ಡಿಸ್ಕು ನಾಲ್ಕೈದು ನೂರು ಡಿಗ್ರಿಗಳನ್ನು ಮುಟ್ಟುವುದರಲ್ಲಿ ಆಶ್ಚರ್ಯವೇನು?

ಬ್ರೇಕು ಸೋಲುವ ಎರಡು ಬಗೆಗಳು

ಈ ಶಾಖಕ್ಕೆ ಬ್ರೇಕು ಎರಡು ಬೇರೆಬೇರೆ ರೀತಿಗಳಲ್ಲಿ ಸೋಲುತ್ತದೆ. ಇವೆರಡನ್ನು ಬೇರ್ಪಡಿಸಿ ತಿಳಿಯದವನು ಮದ್ದನ್ನೂ ತಪ್ಪಾಗಿ ಆರಿಸುತ್ತಾನೆ.

ಮೊದಲನೆಯದು ಪ್ಯಾಡಿನ ಸೋಲು. ಡಿಸ್ಕನ್ನು ಎರಡು ಕಡೆಗಳಿಂದ ಒತ್ತಿಹಿಡಿಯುವ ಪ್ಯಾಡುಗಳಿಗೆ ತಾಳಬಹುದಾದ ಉಷ್ಣತೆಯ ಒಂದು ಎಲ್ಲೆಯಿದೆ. ಅದನ್ನು ಮೀರಿದಾಗ ಪ್ಯಾಡಿನಲ್ಲಿ ಬೆಸೆದಿರುವ ಅಂಟು ವಸ್ತುಗಳು ಕೆಟ್ಟು ಘರ್ಷಣೆಯು ಕುಂದುತ್ತದೆ. ಆಗ ಕಾಲಿನಡಿಯಲ್ಲಿ ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ಒತ್ತಿದರೂ ಕಾರು ಮಾತ್ರ ನಿಧಾನವಾಗುವುದಿಲ್ಲ.

ಎರಡನೆಯದು ದ್ರವದ ಸೋಲು. ಇದು ಹೆಚ್ಚು ಭಯಂಕರವಾದುದು. ಕಾಲಿನ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುವುದು ಕೊಳವೆಗಳಲ್ಲಿ ತುಂಬಿರುವ ಬ್ರೇಕಿನ ದ್ರವ. ದ್ರವವು ಒತ್ತಿದರೆ ಕುಗ್ಗದು. ಮುಚ್ಚಿದ ಪಾತ್ರೆಯಲ್ಲಿ ಒಂದೆಡೆ ಕೊಟ್ಟ ಒತ್ತಡವು ಎಲ್ಲೆಡೆಗೂ ಸಮನಾಗಿ ಹಬ್ಬುತ್ತದೆಂಬ ಪಾಸ್ಕಲ್ಲನ ನಿಯಮವು ಇಲ್ಲಿ ಕೆಲಸ ಮಾಡುತ್ತದೆ. ಆದರೆ ಶಾಖವೇರಿ ದ್ರವವು ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯು ಒತ್ತಿದರೆ ಕುಗ್ಗುತ್ತದೆ. ಆಗ ಪೆಡಲು ಮೆತ್ತಗಾಗಿ ಕಾರಿನ ತಳಕ್ಕೆ ಹೋಗಿ ಮುಟ್ಟುತ್ತದೆ; ಬ್ರೇಕು ಹಿಡಿಯುವುದೇ ಇಲ್ಲ.

ಈ ದ್ರವಕ್ಕೆ ಇನ್ನೊಂದು ಸ್ವಭಾವವುಂಟು: ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. 'ಡಾಟ್ ೪' ಎಂಬ ಸಾಮಾನ್ಯ ದರ್ಜೆಯ ದ್ರವವು ಹೊಸದಾಗಿದ್ದಾಗ ಕನಿಷ್ಠ ೨೩೦ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಬೆರೆತರೆ ಸಾಕು, ಆ ಎಲ್ಲೆಯು ೧೫೫ ಡಿಗ್ರಿಗೆ ಇಳಿಯಬಹುದು. ಡಬ್ಬಿ ತೆರೆದು ತಿಂಗಳುಗಟ್ಟಲೆ ಇಟ್ಟ ದ್ರವವನ್ನು ಎಸೆಯಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಬ್ರೇಕಿನಲ್ಲಿ ಮಾಡಬೇಕಾದ ಬದಲಾವಣೆಗಳ ಕ್ರಮ

ಇಷ್ಟನ್ನು ತಿಳಿದರೆ ಖರ್ಚಿನ ಕ್ರಮವು ತಾನಾಗಿಯೇ ಹೊಳೆಯುತ್ತದೆ.

ಮೊದಲು ದ್ರವ. ಹಳೆಯದನ್ನು ಪೂರ್ಣವಾಗಿ ಹೊರಹಾಕಿ, ಕೊಳವೆಗಳಲ್ಲಿ ಗಾಳಿಯಿಲ್ಲದಂತೆ ಹೊಸ ದ್ರವವನ್ನು ತುಂಬಬೇಕು. ಓಟಕ್ಕೆಂದೇ ತಯಾರಿಸಿದ, ೩೦೦ ಡಿಗ್ರಿಗೂ ಮೇಲೆ ಕುದಿಯುವ ದ್ರವಗಳು ದೊರೆಯುತ್ತವೆ. ಎಲ್ಲ ಬದಲಾವಣೆಗಳಲ್ಲಿ ಅತ್ಯಂತ ಅಗ್ಗವಾದುದೂ ಪ್ರಾಣರಕ್ಷಣೆಗೆ ಅತ್ಯಂತ ಅವಶ್ಯವಾದುದೂ ಇದೇ.

ಎರಡನೆಯದು ಪ್ಯಾಡು. ಓಟದ ಪ್ಯಾಡುಗಳು ಹೆಚ್ಚು ಶಾಖದಲ್ಲಿಯೂ ಹಿಡಿತವನ್ನು ಬಿಡವು. ಆದರೆ ಅವುಗಳಲ್ಲಿ ಅತಿ ಕಠಿಣವಾದವು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಗುಟ್ಟುತ್ತವೆ, ಡಿಸ್ಕನ್ನೂ ಬೇಗ ಸವೆಸುತ್ತವೆ. ಬೆಳಗ್ಗೆ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಕಾರಿಗೆ ಅಂತಹ ಪ್ಯಾಡು ಹಾಕಿದರೆ, ಮೊದಲನೆಯ ಕವಲುದಾರಿಯಲ್ಲೇ ಅದು ಕೈಕೊಡಬಹುದು. ರಸ್ತೆಗೂ ಓಟಕ್ಕೂ ಒಂದೇ ಕಾರನ್ನು ಬಳಸುವವರು ನಡುವಣ ದರ್ಜೆಯ ಪ್ಯಾಡನ್ನು ಆರಿಸುವುದು, ಇಲ್ಲವೇ ಓಟದ ದಿನ ಪ್ಯಾಡು ಬದಲಾಯಿಸಿ ಸಂಜೆ ಮರಳಿ ಹಾಕಿಕೊಳ್ಳುವುದು ಲೇಸು.

ಮೂರನೆಯದು ಗಾಳಿ. ಕಾರಿನ ಮುಂಭಾಗದಿಂದ ಒಂದು ಕೊಳವೆಯ ಮೂಲಕ ತಣ್ಣನೆಯ ಗಾಳಿಯನ್ನು ಡಿಸ್ಕಿನ ನಡುಭಾಗಕ್ಕೆ ಹಾಯಿಸಿದರೆ ಅದು ಬೇಗ ತಣಿಯುತ್ತದೆ. ಇದರೊಡನೆ ಹಳೆಯ ರಬ್ಬರು ಕೊಳವೆಗಳ ಬದಲು ಉಕ್ಕಿನ ತಂತಿ ಹೆಣೆದ ಕೊಳವೆಗಳನ್ನು ಹಾಕುವುದುಂಟು. ಇವು ಒತ್ತಡಕ್ಕೆ ಉಬ್ಬುವುದಿಲ್ಲವಾದುದರಿಂದ ಪೆಡಲು ಗಟ್ಟಿಯಾಗುತ್ತದೆ. ಆದರೆ ಇವುಗಳಿಂದ ನಿಲ್ಲಿಸುವ ಬಲ ಹೆಚ್ಚುತ್ತದೆಂದು ಭಾವಿಸಬಾರದು.

ಇವೆಲ್ಲವೂ ಆದಮೇಲೆ, ಆಗಲೂ ಬ್ರೇಕು ಸೋಲುತ್ತಿದ್ದರೆ ಮಾತ್ರ, ದೊಡ್ಡ ಡಿಸ್ಕಿನ ಮಾತು.

ದೊಡ್ಡ ಬ್ರೇಕು ಕೊಡುವುದೇನು, ಕೊಡದಿರುವುದೇನು?

ದೊಡ್ಡ ಡಿಸ್ಕು, ಬಣ್ಣ ಬಳಿದ ದೊಡ್ಡ ಕ್ಯಾಲಿಪರು ಹಾಕಿದೊಡನೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಮಂದಿಗೆ ಇದೆ. ಇದು ಸರಿಯಲ್ಲ. ಕಾರನ್ನು ಕೊನೆಗೆ ತಡೆಯುವುದು ನೆಲಕ್ಕೂ ಟೈರಿಗೂ ನಡುವೆ ಇರುವ ಘರ್ಷಣೆ. ಇದ್ದ ಬ್ರೇಕೇ ಚಕ್ರವನ್ನು ತಿರುಗದಂತೆ ಬಿಗಿಹಿಡಿಯಬಲ್ಲುದಾದರೆ, ಅಥವಾ ಚಕ್ರ ಬಿಗಿಯದಂತೆ ಕಾಯುವ ಎ.ಬಿ.ಎಸ್. ಯಂತ್ರವು ಎಚ್ಚರಗೊಳ್ಳುವಷ್ಟು ಬಲ ಅದಕ್ಕೆ ಇದ್ದರೆ, ಬ್ರೇಕಿನ ಬಲಕ್ಕೆ ಕೊರತೆಯಿಲ್ಲ; ಕೊರತೆ ಇರುವುದು ಟೈರಿನ ಹಿಡಿತಕ್ಕೆ. ಅಲ್ಲಿ ಒಳ್ಳೆಯ ಟೈರು ಮಾಡುವ ಉಪಕಾರವನ್ನು ದೊಡ್ಡ ಬ್ರೇಕು ಮಾಡಲಾರದು.

ಹಾಗಾದರೆ ದೊಡ್ಡ ಡಿಸ್ಕಿನಿಂದ ಪ್ರಯೋಜನವಿಲ್ಲವೆ? ಉಂಟು. ಅದರಲ್ಲಿ ಕಬ್ಬಿಣ ಹೆಚ್ಚು. ಆದುದರಿಂದ ಅದೇ ಶಾಖಕ್ಕೆ ಅದರ ಉಷ್ಣತೆಯು ಕಡಿಮೆ ಏರುತ್ತದೆ. ಮೈವಿಸ್ತಾರವೂ ಹೆಚ್ಚು, ಆದುದರಿಂದ ಬೇಗ ತಣಿಯುತ್ತದೆ. ಮೊದಲನೆಯ ತಡೆ ಎಷ್ಟು ದೂರದಲ್ಲಿ ಆಗುತ್ತಿತ್ತೋ ಹತ್ತನೆಯ ತಡೆಯೂ ಅಷ್ಟೇ ದೂರದಲ್ಲಿ ಆಗುವಂತೆ ನೋಡಿಕೊಳ್ಳುವುದೇ ದೊಡ್ಡ ಬ್ರೇಕಿನ ನಿಜವಾದ ಕೊಡುಗೆ. ಇದಕ್ಕೆ ಪ್ರತಿಯಾಗಿ ಚಕ್ರದ ತೂಕ ಹೆಚ್ಚುತ್ತದೆ. ಹಲವೊಮ್ಮೆ ದೊಡ್ಡ ಚಕ್ರವನ್ನೂ ಕೊಳ್ಳಬೇಕಾಗುತ್ತದೆ. ಮುಂದಿನದನ್ನು ಮಾತ್ರ ಬಹಳ ದೊಡ್ಡದು ಮಾಡಿದರೆ ಹಿಂದಿನ ಬ್ರೇಕುಗಳು ತಮ್ಮ ಪಾಲಿನ ಕೆಲಸ ಮಾಡುವ ಮೊದಲೇ ಮುಂದಿನ ಚಕ್ರಗಳು ಬಿಗಿದು, ನಿಲ್ಲುವ ದೂರವು ಹೆಚ್ಚಾಗಲೂಬಹುದು. ನೋಟಕ್ಕೆ ಚೆಂದವಾಗಿ ತೂತು ಕೊರೆದ ಡಿಸ್ಕುಗಳಂತೂ ಓಟದ ಶಾಖಕ್ಕೆ ಆ ತೂತುಗಳ ಅಂಚಿನಿಂದಲೇ ಬಿರುಕು ಬಿಡುವುದುಂಟು. ಒಳಗೆ ಗಾಳಿಯ ಹಾದಿಯಿರುವ, ಮೇಲ್ಮೈ ಸಾದಾ ಆಗಿರುವ ಅಥವಾ ಗೀರುಗಳನ್ನು ಮಾತ್ರ ಕೊರೆದಿರುವ ಡಿಸ್ಕು ಮೇಲು.

ಇಲ್ಲಿ ಚರಿತ್ರೆಯ ಒಂದು ಪಾಠವನ್ನು ನೆನೆಯಬಹುದು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತನು ಡಿಸ್ಕು ಬ್ರೇಕಿಗೆ ೧೯೦೨ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಆದರೂ ಅರ್ಧ ಶತಮಾನದವರೆಗೆ ಕಾರುಗಳಲ್ಲಿ ಡ್ರಮ್ಮು ಬ್ರೇಕುಗಳೇ ನಡೆದುವು. ೧೯೫೩ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ ೨೪ ಗಂಟೆಗಳ ಪಂದ್ಯವನ್ನು ಡನ್‌ಲಪ್ ಕಂಪೆನಿಯ ಡಿಸ್ಕು ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದಾಗ ಜಗತ್ತಿನ ಕಣ್ಣು ತೆರೆಯಿತು. ಡ್ರಮ್ಮಿನೊಳಗೆ ಶಾಖವು ಸೆರೆಯಾಗುತ್ತದೆ. ಡಿಸ್ಕು ಗಾಳಿಗೆ ಮೈಯೊಡ್ಡಿರುತ್ತದೆ. ದಿನವಿಡೀ ನಡೆಯುವ ಪಂದ್ಯದಲ್ಲಿ ಶಾಖವನ್ನು ಕಳೆದುಕೊಂಡು ಕೊನೆಯವರೆಗೂ ಒಂದೇ ತೆರನಾಗಿ ಹಿಡಿಯುವ ಬ್ರೇಕಿಗೆ ಎಷ್ಟು ಬೆಲೆಯೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಡಿಫರೆನ್ಷಿಯಲ್ ಏಕೆ ಬೇಕು?

ಇನ್ನು ಎರಡನೆಯ ಭಾಗಕ್ಕೆ ಬರೋಣ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡು ಚಕ್ರಗಳ ನಡುವಣ ಅಂತರ ೧.೪ ಮೀಟರು ಇದ್ದರೆ, ಒಂದು ಪೂರ್ಣ ವೃತ್ತವನ್ನು ಸುತ್ತಿ ಬರುವಷ್ಟರಲ್ಲಿ ಹೊರಚಕ್ರವು ಸುಮಾರು ೮.೮ ಮೀಟರು ಹೆಚ್ಚು ನಡೆದಿರುತ್ತದೆ. ವೃತ್ತವು ಚಿಕ್ಕದಾಗಲಿ ದೊಡ್ಡದಾಗಲಿ, ಈ ವ್ಯತ್ಯಾಸವು ಬದಲಾಗದು. ಏಕೆಂಬುದನ್ನು ವಿದ್ಯಾರ್ಥಿಗಳು ವೃತ್ತದ ಪರಿಧಿಯ ಸೂತ್ರದಿಂದ ತಾವೇ ಸಾಧಿಸಿ ನೋಡಬಹುದು.

ಎತ್ತಿನ ಗಾಡಿಗೆ ಇದರಿಂದ ತೊಂದರೆಯಿಲ್ಲ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವುದು ಎತ್ತು. ಆದರೆ ಕಾರಿನಲ್ಲಿ ಎಂಜಿನ್ನು ಚಕ್ರಗಳನ್ನೇ ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರವು ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಫ್ರಾನ್ಸಿನ ಪೆಕ್ಯೂರ್ ಎಂಬ ಕುಶಲಿಯು ತನ್ನ ಉಗಿಬಂಡಿಗಾಗಿ ೧೮೨೦ರ ದಶಕದಲ್ಲಿ ಅಳವಡಿಸಿದ ಡಿಫರೆನ್ಷಿಯಲ್ ಈ ತೊಡಕನ್ನು ಬಿಡಿಸಿತು. ಅಚ್ಚನ್ನು ನಡುವೆ ತುಂಡರಿಸಿ, ಎರಡು ತುಂಡುಗಳ ತುದಿಗೂ ಹಲ್ಲುಚಕ್ರಗಳನ್ನಿಟ್ಟು, ಅವುಗಳ ನಡುವೆ ಸಣ್ಣ ಹಲ್ಲುಚಕ್ರಗಳನ್ನು ಕೂಡಿಸಿದ ಗೂಡು ಅದು. ನಡುವಣ ಸಣ್ಣ ಚಕ್ರವು ತಕ್ಕಡಿಯ ದಂಡದಂತೆ ವರ್ತಿಸುತ್ತದೆ: ಎರಡು ಕಡೆಗಳಿಗೂ ಬಲವನ್ನು ಸಮನಾಗಿ ಹಂಚುತ್ತದೆ, ಆದರೆ ಒಂದು ಕಡೆ ವೇಗವಾಗಿಯೂ ಇನ್ನೊಂದು ಕಡೆ ನಿಧಾನವಾಗಿಯೂ ತಿರುಗಲು ಬಿಡುತ್ತದೆ.

ಈ ಸಮಪಾಲಿನ ಗುಣವೇ ಕೆಲವೆಡೆ ದೋಷವಾಗುತ್ತದೆ. ಮಳೆಗಾಲದಲ್ಲಿ ಜೀಪಿನ ಒಂದು ಚಕ್ರವು ಕೆಸರಿನಲ್ಲಿ ಸಿಕ್ಕಿ ಗಿರ್ರನೆ ತಿರುಗುತ್ತಿರುವಾಗ ಗಟ್ಟಿನೆಲದ ಮೇಲಿರುವ ಇನ್ನೊಂದು ಚಕ್ರವು ಸುಮ್ಮನೆ ನಿಂತಿರುವುದನ್ನು ಎಲ್ಲರೂ ಕಂಡಿರಬಹುದು. ಕೆಸರಿನ ಚಕ್ರವು ತಾಳುವ ಬಲ ಅತ್ಯಲ್ಪ. ಸಮಪಾಲಿನ ನಿಯಮದಂತೆ ಇನ್ನೊಂದಕ್ಕೂ ಅಷ್ಟೇ ದೊರೆಯುತ್ತದೆ. ಪಂದ್ಯದ ಹಾದಿಯ ತಿರುವಿನಲ್ಲಿಯೂ ಇದೇ ನಡೆಯುತ್ತದೆ. ಕಾರಿನ ಭಾರವು ಹೊರಕ್ಕೆ ವಾಲಿ ಒಳಚಕ್ರವು ಹಗುರಾಗುತ್ತದೆ. ತಿರುವಿನಿಂದ ಹೊರಬರುತ್ತ ಚಾಲಕನು ವೇಗ ಹೆಚ್ಚಿಸಿದರೆ ಒಳಚಕ್ರವು ವ್ಯರ್ಥವಾಗಿ ಸುತ್ತಿ ಟೈರನ್ನು ಸುಡುತ್ತದೆ. ಕಾರು ಮುಂದಕ್ಕೆ ಸಾಗದು. ೧೯೩೦ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ಪಂದ್ಯದ ಕಾರುಗಳಲ್ಲಿ ಎಂಜಿನ್ನಿನ ಬಲ ಅತಿಯಾಗಿ ಇದೇ ತೊಂದರೆ ಬಂದಾಗ, ಪೋರ್ಷೆಯವರು ಜೆಡ್.ಎಫ್. ಕಂಪೆನಿಯಿಂದ ಜಾರುವಿಕೆಯನ್ನು ಮಿತಗೊಳಿಸುವ ಡಿಫರೆನ್ಷಿಯಲ್ಲನ್ನು ಮಾಡಿಸಿಕೊಂಡರು.

ಮಿತಜಾರಿನ ಬಗೆಗಳು

ಇಂತಹ 'ಮಿತಜಾರಿನ' ಡಿಫರೆನ್ಷಿಯಲ್ಲುಗಳಲ್ಲಿ ಹಲವು ಬಗೆಗಳಿವೆ. ಅವುಗಳ ಭೇದವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ಒಳಚಕ್ರವು ಜಾರದೆ ತಾಳಬಲ್ಲ ಬಲ ೧ ಪಾಲು, ಹೊರಚಕ್ರವು ತಾಳಬಲ್ಲುದು ೩ ಪಾಲು ಎಂದಿಟ್ಟುಕೊಳ್ಳೋಣ. ಸಾದಾ ಡಿಫರೆನ್ಷಿಯಲ್ ಎರಡಕ್ಕೂ ಒಂದೊಂದನ್ನೇ ಕೊಡುತ್ತದೆ. ಕಾರನ್ನು ತಳ್ಳುವುದು ೨ ಪಾಲು ಮಾತ್ರ.

ಹಲ್ಲುಚಕ್ರಗಳ ಬಗೆ. ಓರೆಹಲ್ಲಿನ ಚಕ್ರಗಳ ಒಳಘರ್ಷಣೆಯಿಂದ ಇದು ಹಿಡಿತವಿರುವ ಚಕ್ರಕ್ಕೆ ಇನ್ನೊಂದರ ಎರಡು ಮೂರು ಪಟ್ಟು ಬಲವನ್ನು ಕಳುಹಿಸುತ್ತದೆ. ಅಮೆರಿಕದ ಗ್ಲೀಸ್‌ಮನ್ ಎಂಬಾತನು ಕಂಡುಹಿಡಿದ, ೧೯೫೮ರಲ್ಲಿ ಹಕ್ಕುಪತ್ರ ಪಡೆದ ಟಾರ್ಸೆನ್ ಈ ಜಾತಿಗೆ ಸೇರಿದುದು. ಅನುಪಾತ ಎರಡೂವರೆಯಾದರೆ ನಮ್ಮ ಲೆಕ್ಕದಲ್ಲಿ ೧ ಮತ್ತು ೨.೫, ಒಟ್ಟು ೩.೫ ಪಾಲು ದೊರೆಯಿತು. ಇದು ಮೃದುವಾಗಿ ವರ್ತಿಸುತ್ತದೆ, ಸವೆಯುವುದು ಅಪರೂಪ. ಆದರೆ ಒಳಚಕ್ರವು ನೆಲವನ್ನೇ ಬಿಟ್ಟೆದ್ದರೆ ಅದರ ಬಲ ಸೊನ್ನೆ. ಸೊನ್ನೆಯನ್ನು ಎರಡೂವರೆಯಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೆ?

ಕ್ಲಚ್ಚು ಬಿಲ್ಲೆಗಳ ಬಗೆ. ಇದರಲ್ಲಿ ಒಂದರ ಮೇಲೊಂದು ಅದುಮಿದ ಬಿಲ್ಲೆಗಳ ಘರ್ಷಣೆಯು ಎರಡು ಅಚ್ಚುಗಳನ್ನು ಕೂಡಿಸುತ್ತದೆ. ಮೊದಲೇ ಕೊಟ್ಟ ಅದುಮಿನಿಂದಾಗಿ ಒಂದು ಚಕ್ರ ಮೇಲೆದ್ದರೂ ಇದು ಕೆಲಸ ಮಾಡುತ್ತದೆ. ವೇಗ ಹೆಚ್ಚಿಸುವಾಗ ಮಾತ್ರ ಬಿಗಿಯುವಂತೆ, ಇಲ್ಲವೇ ವೇಗ ತಗ್ಗಿಸುವಾಗಲೂ ಬಿಗಿಯುವಂತೆ ಇದನ್ನು ಹೊಂದಿಸಬಹುದು. ತಗ್ಗಿಸುವಾಗ ಬಿಗಿದರೆ ಬ್ರೇಕು ಹಾಕಿದಾಗ ಕಾರಿನ ಹಿಂಭಾಗ ಸ್ಥಿರವಾಗಿರುತ್ತದೆ; ಆದರೆ ಕಾರು ತಿರುವಿಗೆ ಹೊರಳಲು ತುಸು ಹಟ ಮಾಡುತ್ತದೆ. ಬಿಲ್ಲೆಗಳು ಸವೆಯುತ್ತವೆ, ತಕ್ಕ ಎಣ್ಣೆಯನ್ನು ಆಗಾಗ ಬದಲಾಯಿಸಬೇಕು.

ಅಂಟುದ್ರವದ ಬಗೆ. ಗಟ್ಟಿಯಾದ ಸಿಲಿಕೋನ್ ದ್ರವದಲ್ಲಿ ತಿರುಗುವ ಬಿಲ್ಲೆಗಳಿಂದ ಇದು ನಡೆಯುತ್ತದೆ. ಚಕ್ರವು ಜಾರಿದಮೇಲೆ ಇದು ಎಚ್ಚರಗೊಳ್ಳುತ್ತದೆ. ದ್ರವ ಹಳತಾದಂತೆ ಹಿಡಿತವೂ ಕುಂದುತ್ತದೆ. ಎರಡು ಅಚ್ಚುಗಳನ್ನೂ ಬೆಸೆದು ಒಂದೇ ಮಾಡಿಬಿಡುವುದು ಇನ್ನೊಂದು ವಿಧಾನ. ಇದು ಅಗ್ಗ, ಆದರೆ ರಸ್ತೆಯ ತಿರುವುಗಳಲ್ಲಿ ಟೈರನ್ನೂ ಅಚ್ಚನ್ನೂ ಹಿಂಸಿಸುತ್ತದೆ. ರಸ್ತೆಯ ಕಾರಿಗೆ ಇದು ಸಲ್ಲದು.

ಇತ್ತೀಚಿನ ಅನೇಕ ಕಾರುಗಳಲ್ಲಿ ಸಾದಾ ಡಿಫರೆನ್ಷಿಯಲ್ಲನ್ನೇ ಇಟ್ಟು, ಜಾರುವ ಚಕ್ರಕ್ಕೆ ಮಾತ್ರ ಯಂತ್ರವೇ ತಾನಾಗಿ ಬ್ರೇಕು ಹಾಕುವ ಏರ್ಪಾಡಿದೆ. ರಸ್ತೆಗೆ ಇದು ಸಾಕು. ಓಟದಲ್ಲಿ ಮಾತ್ರ ವೇಗ ಹೆಚ್ಚಿಸುವಾಗಲೂ ಬ್ರೇಕು ಕಾಯುತ್ತಲೇ ಇರುತ್ತದೆ. ಮೊದಲೇ ಬಳಲಿದ ಬ್ರೇಕಿಗೆ ಇನ್ನಷ್ಟು ಹೊರೆ.

ಯಾವ ಕಾರಿಗೆ ಯಾವುದು?

ಮುಂದಿನ ಚಕ್ರಗಳಿಂದ ಎಳೆಯುವ ಕಾರಿಗೆ ಹಲ್ಲುಚಕ್ರಗಳ ಬಗೆಯೇ ಹಿತ. ಬಿಲ್ಲೆಗಳ ಬಗೆಯು ಸ್ಟೀರಿಂಗನ್ನು ಚಾಲಕನ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಹಿಂದಿನ ಚಕ್ರಗಳಿಂದ ನೂಕುವ, ರಸ್ತೆಗೂ ಬಳಸುವ ಕಾರಿಗೂ ಹಲ್ಲುಚಕ್ರಗಳ ಬಗೆ ಒಪ್ಪುತ್ತದೆ. ಓಟಕ್ಕೆಂದೇ ಮೀಸಲಾದ, ಒಳಚಕ್ರವನ್ನು ಎತ್ತಿ ಓಡುವ ಕಾರಿಗೆ ಬಿಲ್ಲೆಗಳ ಬಗೆ ತಕ್ಕುದು. ಅಲ್ಪ ಬಲದ ಎಂಜಿನ್ನಿರುವ, ಒಳಚಕ್ರವು ಜಾರದೇ ಇರುವ ಕಾರಿಗೆ ಯಾವುದೂ ಬೇಡ. ಆ ಹಣವನ್ನು ಟೈರಿಗೂ ಕಲಿಕೆಗೂ ವ್ಯಯಮಾಡುವುದು ಜಾಣತನ.

ಉದಾಹರಣೆಗೆ ಜಪಾನಿನ ಮಜ್ದಾ ಕಂಪೆನಿಯು ೧೯೮೯ರಲ್ಲಿ ಹೊರತಂದ ಎಂ.ಎಕ್ಸ್. ೫ ಎಂಬ ಇಬ್ಬರು ಕೂರುವ ಪುಟ್ಟ ಕಾರನ್ನು ನೋಡೋಣ. ತೂಕ ಒಂದು ಟನ್ನಿಗೂ ಕಡಿಮೆ, ಹಿಂದಿನ ಚಕ್ರಗಳ ನೂಕು. ಹೀಗಾಗಿ ಹೊರನಾಡುಗಳ ಓಟದ ದಿನಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಮೊದಲು ಬಂದ ೧.೬ ಲೀಟರು ಎಂಜಿನ್ನಿನ ಕಾರಿನ ಮುಂದಿನ ಡಿಸ್ಕು ೨೩೫ ಮಿಲಿಮೀಟರು ಅಗಲ. ಮಿತಜಾರಿನ ಡಿಫರೆನ್ಷಿಯಲ್ ಇದ್ದರೆ ಅದು ಅಂಟುದ್ರವದ ಬಗೆಯದು. ಆಮೇಲೆ ೧.೮ ಲೀಟರಿನ ಕಾರು ಬಂದಾಗ ಕಾರ್ಖಾನೆಯವರೇ ಡಿಸ್ಕನ್ನು ೨೫೫ ಮಿಲಿಮೀಟರಿಗೆ ಏರಿಸಿದರು. ಡಿಫರೆನ್ಷಿಯಲ್ಲಿನ ಗೂಡನ್ನು ಬಲಪಡಿಸಿ, ಮಿತಜಾರಿನದನ್ನು ಟಾರ್ಸೆನ್ ಬಗೆಗೆ ಬದಲಾಯಿಸಿದರು. ಹಳೆಯ ಕಾರಿನ ಒಡೆಯರಲ್ಲಿ ಅನೇಕರು ಈ ಹೊಸ ಕಾರಿನ ಭಾಗಗಳನ್ನೇ ತಂದು ತಮ್ಮದಕ್ಕೆ ಜೋಡಿಸಿಕೊಳ್ಳುತ್ತಾರೆ. ಡಿಫರೆನ್ಷಿಯಲ್ಲಿನೊಡನೆ ಅದರ ಅಚ್ಚುಗಳನ್ನೂ ತರಬೇಕಾಗುತ್ತದೆ. ಒಂದೇ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದುವಂತೆ ಅಳೆದು ಮಾಡಿದ ಭಾಗಗಳಾದುದರಿಂದ ಮುಂದಿನ ಹಿಂದಿನ ಬ್ರೇಕುಗಳ ಸಮತೋಲ ಕೆಡುವುದಿಲ್ಲ. ಕೊಳ್ಳುವವರು ಅನುಸರಿಸತಕ್ಕ ಒಳ್ಳೆಯ ಮಾದರಿ ಇದು.

ಇನ್ನೊಂದು ಎಚ್ಚರಿಕೆ. ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸಲು ನಮ್ಮ ದೇಶದ ೧೯೮೮ರ ಮೋಟಾರು ವಾಹನಗಳ ಕಾಯಿದೆಯು ಅನುಮತಿಸುವುದಿಲ್ಲ. ಜರ್ಮನಿಯಂತಹ ದೇಶಗಳಲ್ಲಿಯೂ ಇಂತಹ ಬದಲಾವಣೆಗಳಿಗೆ ಅಧಿಕೃತ ಒಪ್ಪಿಗೆ ಬೇಕು. ಹಾದಿಯಲ್ಲಿ ಸುತ್ತು ಮುಗಿದಮೇಲೂ ಒಂದು ನಿಯಮವಿದೆ: ಕೊನೆಯ ಸುತ್ತನ್ನು ಬ್ರೇಕು ಹಾಕದೆ ಮೆಲ್ಲನೆ ನಡೆಸಿ ಡಿಸ್ಕು ತಣಿಯಗೊಡಬೇಕು, ನಿಲ್ಲಿಸಿದೊಡನೆ ಕೈಬ್ರೇಕು ಎಳೆಯಬಾರದು.

ನಮಗೆ ಇದರಿಂದ ಏನು?

ಓಟದ ದಿನಕ್ಕೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ತಂದೆತಾಯಿಯರು ಕೇಳಬಹುದು. ಆದರೆ ವಯನಾಡಿನಿಂದ ತಾಮರಶ್ಶೇರಿ ಘಟ್ಟವನ್ನು ಇಳಿಯುವವರು, ಉದಕಮಂಡಲದಿಂದ ಕಲ್ಹಟ್ಟಿಯ ೩೬ ಕಡಿದಾದ ತಿರುವುಗಳಲ್ಲಿ ಮಸಿನಗುಡಿಗೆ ಇಳಿಯುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ೧೦೦೦ ಕಿಲೋಗ್ರಾಂ ತೂಕದ ಕಾರು ೧೦೦೦ ಮೀಟರು ಎತ್ತರದಿಂದ ಇಳಿದರೆ ಕಳೆಯಬೇಕಾದ ಶಕ್ತಿ ೯೮ ಲಕ್ಷ ಜೂಲ್. ನಾವು ಮೇಲೆ ಲೆಕ್ಕಹಾಕಿದ ಪಂದ್ಯದ ಹಾದಿಯ ತಡೆಗಳಲ್ಲಿ ಹದಿನಾರನ್ನು ಸೇರಿಸಿದಷ್ಟು ಇದು! ವೇಗವಾಗಿ ಓಡದಿದ್ದರೂ, ಕಾಲನ್ನು ಬ್ರೇಕಿನ ಮೇಲಿಟ್ಟೇ ಘಟ್ಟವಿಳಿಯುವ ಸಾಧು ಚಾಲಕನ ಬ್ರೇಕು ಓಟಗಾರನ ಬ್ರೇಕಿನಂತೆಯೇ ಕಾಯುತ್ತದೆ. ಅದೇ ಎರಡು ಬಗೆಗಳಲ್ಲಿ ಸೋಲುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಆ ಶಕ್ತಿಯ ಹೆಚ್ಚಿನ ಪಾಲನ್ನು ಎಂಜಿನ್ನೇ ಹೀರಿಕೊಳ್ಳುತ್ತದೆ. ಘಟ್ಟದ ಹಾದಿಯಲ್ಲಿ 'ಕೆಳ ಗೇರಿನಲ್ಲಿ ಚಲಿಸಿರಿ' ಎಂದು ಬರೆದ ಫಲಕದ ಹಿಂದೆ ಇರುವ ವಿಜ್ಞಾನವು ಇದೇ.

ಮನೆಯ ಕಾರಿನ ಬ್ರೇಕಿನ ದ್ರವವನ್ನು ಎಂದು ಬದಲಾಯಿಸಿದ್ದೆಂದು ಮಕ್ಕಳು ಇಂದೇ ಹಿರಿಯರನ್ನು ಕೇಳಲಿ. ಡಿಸ್ಕು ಬ್ರೇಕಿನ ಮೋಟಾರು ಸೈಕಲ್ಲಿನಲ್ಲಿಯೂ ಅದೇ ದ್ರವವಿದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ, ವಾಹನದೊಡನೆ
ಕೊಟ್ಟ ಕೈಪಿಡಿಯಲ್ಲಿ ಅವಧಿಯನ್ನು ನೋಡಿ ತಿಳಿಯಬಹುದು. ದುರ್ಬಲವಾದ ಡಿಫರೆನ್ಷಿಯಲ್ ಓಟದಲ್ಲಿ ಒಂದೆರಡು ಸೆಕೆಂಡುಗಳನ್ನು ಕಳೆಯುತ್ತದೆ. ಹಳಸಿದ ದ್ರವವು ಪ್ರಾಣವನ್ನೇ ಕಳೆಯಬಹುದು. ಮೊದಲು ನಿಲ್ಲುವ ಶಕ್ತಿ, ಬಳಿಕ ಬಲದ ಹಂಚಿಕೆ, ಎಲ್ಲಕ್ಕೂ ಕೊನೆಗೆ ವೇಗ; ಓಟದ ಹಾದಿಗಾಗಲಿ ಊರಿನ ಹಾದಿಗಾಗಲಿ ಈ ಕ್ರಮವೇ ಕ್ಷೇಮ.